ಸಿಗ್ನಿ ಆಮೊಟ್ ಅವರ ಈಜುಕೊಳ

ಮಾನ್ಯ ಅಧ್ಯಕ್ಷರಾದ ಕಾರ್ಡೆಲ್ ಬ್ರಾಮ್‌ಹಾಲ್ ಅವರೇ, ಟೊರ್ಡಾಲ್ ಕಾಲೇಜಿನ ಪ್ರಾಂಶುಪಾಲರೇ, ಚರ್ಚಿನ ಈ ಸಭಾಂಗಣವನ್ನು ಬಾಡಿಗೆಯ ಮಾತೆತ್ತದೆ ಬಿಟ್ಟುಕೊಟ್ಟ ಪಾದ್ರಿಗಳೇ, ಈ ನಿವೃತ್ತಿಯ ಸಂಜೆ ನಾವೆಲ್ಲ ಯಾರಿಗಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದೇವೆಯೋ ಆ ಸಿಗ್ನಿ ಆಮೊಟ್ ಅವರೇ, ಆಲೂಗೆಡ್ಡೆ ರೊಟ್ಟಿ ಇನ್ನೂ ತಟ್ಟೆಯಲ್ಲಿ ಬಿಸಿಯಾಗಿರುವಾಗಲೇ ನನ್ನ ಕಡೆ ಮುಖ ತಿರುಗಿಸಿ ಕೂತಿರುವ ದಯಾವಂತ ಸಭಿಕರೇ,

ನಾನು ವೆಂಡೆಲ್ ಹ್ರೂಬಿ. ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಮುಖಕ್ಕಿಂತ ಧ್ವನಿಯ ಪರಿಚಯವೇ ಹೆಚ್ಚು. ಗೋಧಿ ಕೊಯ್ಯುವ ಯಂತ್ರದ ಮೇಲೆ, ಹಾಲು ಕರೆಯುವ ಕೊಟ್ಟಿಗೆಯಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಕೂತ ರೇಡಿಯೋದೊಳಗಿಂದ, ನಮ್ಮ ಕಾಲೇಜು ಸೋತ ಪಂದ್ಯಗಳನ್ನೆಲ್ಲ ನಿಮಗೆ ವರದಿ ಮಾಡಿದವನು ನಾನೇ. ಗೆದ್ದ ಪಂದ್ಯಗಳನ್ನೂ ವರದಿ ಮಾಡಿದ್ದೇನೆ. ಆದರೆ ಅವನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಅಂಥ ಜಾಗವೇನೂ ಬೇಕಾಗಲಿಲ್ಲ.

ಸಿಗ್ನಿಯವರ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾಲ್ಕೇ ಮಾತು ಎಂದು ಮತ್ತೆ ಒತ್ತಿ ಹೇಳಿದ್ದಾರೆ. ಆದರೆ ಸಭಿಕರೇ, ಸಿಗ್ನಿಯವರ ಬಗ್ಗೆ ಮಾತಾಡುವುದೆಂದರೆ ನೀರಿನ ಬಗ್ಗೆ ಮಾತಾಡುವುದು; ನೀರಿನ ಬಗ್ಗೆ ಮಾತಾಡುವುದೆಂದರೆ ದುಡ್ಡಿನ ಬಗ್ಗೆ ಮಾತಾಡುವುದು. ಯಾಕೆಂದರೆ ನಮ್ಮ ಡಕೋಟಾದ ಚಳಿಗಾಲದಲ್ಲಿ ನೀರು ನೀರಾಗಿಯೇ ಉಳಿಯಬೇಕಾದರೆ ಯಾರಾದರೂ ಅದನ್ನು ಬಿಸಿಮಾಡಬೇಕು. ಬಿಸಿಮಾಡಿದ್ದಕ್ಕೆ ಯಾರಾದರೂ ದುಡ್ಡು ಕೊಡಬೇಕು. ಯಾರು ಕೊಡಬೇಕು? ಇದೊಂದು ಪ್ರಶ್ನೆಯ ಸುತ್ತಲೇ ನಾನು ಹೇಳಬೇಕೆಂದಿರುವುದೆಲ್ಲ ನಡೆಯಿತು.

ನಮ್ಮ ಕಾಲೇಜಿನ ಈಜುಕೊಳವನ್ನು ನಾನು ಮೊದಲು ನೋಡಿದ್ದು ಒಂದು ಜನವರಿಯ ಬೆಳಿಗ್ಗೆ. ಹುಡುಗಿಯರ ಈಜು ತಂಡಕ್ಕೆ ಹೊಸ ಕೋಚ್ ಬಂದಿದ್ದಾರೆ, ಸಂದರ್ಶನ ಮಾಡಿಕೊಂಡು ಬಾ ಎಂದು ರೇಡಿಯೋದವರು ಕಳಿಸಿದ್ದರು. ಹೊರಗೆ ಉಸಿರು ಮೀಸೆಯ ಮೇಲೆ ಹೆಪ್ಪುಗಟ್ಟುವ ಚಳಿ. ಬಾಗಿಲು ತೆರೆದೆ, ಕನ್ನಡಕವೆಲ್ಲ ಒಮ್ಮೆಲೇ ಬೆಳ್ಳಗಾಯಿತು. ಏನೂ ಕಾಣದು. ಬೆಚ್ಚನೆಯ ಗಾಳಿ, ನೀರು ಅಂಚಿಗೆ ತಾಗುವ ಸಣ್ಣ ಸದ್ದು, ಎಲ್ಲಿಂದಲೋ ಒಂದು ಹೆಣ್ಣು ದನಿ.

"ಯಾರದು? ಬೂಟು ಬಿಚ್ಚಿ ಬನ್ನಿ."

"ನಾನು ರೇಡಿಯೋದವನು."

"ರೇಡಿಯೋದವ್ರಿಗೆ ಕಾಲಿರಲ್ವಾ? ಬೂಟು ಬಿಚ್ಚಿ ಅಂದೆ."

ಬಿಚ್ಚಿದೆ. ಕನ್ನಡಕ ಒರೆಸಿಕೊಂಡಾಗ ಗಾಜಿನ ಗೋಡೆಯಾಚೆ ಹಿಮ ಬೀಳುತ್ತಿತ್ತು, ಈಚೆ ನೀರಿನಿಂದ ಹಬೆ ಏಳುತ್ತಿತ್ತು, ಎರಡರ ನಡುವೆ ಅವರು ಬರಿಗಾಲಲ್ಲಿ ಅಂಚಿನ ಮೇಲೆ ನಡೆಯುತ್ತಿದ್ದರು. ಬೀಳುವ ಬಿಳುಪಿಗೂ ಏಳುವ ಬಿಳುಪಿಗೂ ಮಧ್ಯೆ ಮನುಷ್ಯರೊಬ್ಬರು ಅಷ್ಟು ನಿರಾಳವಾಗಿ ನಡೆಯಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂದಿನಿಂದ ಈಜು ಸ್ಪರ್ಧೆಗಳಿಗೆ ತಪ್ಪದೆ ಹೋದೆ. ಈಜನ್ನು ರೇಡಿಯೋದಲ್ಲಿ ಯಾರೂ ಕೇಳುವುದಿಲ್ಲ, ಹಾಗೆಂದು ಬಿಡಲಿಕ್ಕಾಗುತ್ತದೆಯೇ? ವೃತ್ತಿಧರ್ಮ ಎನ್ನುವುದೊಂದಿದೆಯಲ್ಲ.

ಆಗ ನಮ್ಮದು ಪ್ರೇರಿ ಲೀಗ್. ಸುತ್ತಲಿನ ರಾಜ್ಯಗಳ ಕಾಲೇಜುಗಳು ಸೇರಿ ಕಟ್ಟಿಕೊಂಡದ್ದು. ಎಲ್ಲರ ಬಸ್ಸುಗಳೂ ಒಂದೇ ರೀತಿ ಹಳೆಯವು, ಎಲ್ಲರ ಮೈದಾನದ ಬೆಂಚುಗಳೂ ಒಂದೇ ರೀತಿ ತಣ್ಣಗೆ. ಸೋತರೆ ಸರೀಕರಿಗೆ ಸೋಲುತ್ತಿದ್ದೆವು. ಅದರಲ್ಲೊಂದು ಮರ್ಯಾದೆಯಿತ್ತು. ಆಮೇಲೆ ಟೆಲಿವಿಷನ್ ಕಂಪನಿಗಳು ಚೀಲ ಹಿಡಿದುಕೊಂಡು ಬಂದವು. ನಮ್ಮ ಬಾಗಿಲಿಗಲ್ಲ, ಸರೋವರಗಳ ದಂಡೆಯ ದೊಡ್ಡ ವಿಶ್ವವಿದ್ಯಾಲಯಗಳ ದೊಡ್ಡ ಲೀಗಿನ ಬಾಗಿಲಿಗೆ. ಆ ಲೀಗಿನಲ್ಲಿದ್ದವರಿಗೆಲ್ಲ ಗೆದ್ದರೂ ಪಾಲು, ಸೋತರೂ ಪಾಲು. ನಮ್ಮಲ್ಲಿ ಸ್ವಲ್ಪ ಅನುಕೂಲವಿದ್ದ ಎರಡು ಕಾಲೇಜುಗಳು ಅತ್ತ ಕಡೆಯ ಮೆಟ್ಟಿಲು ಹತ್ತಿ ಹೋದವು. ಉಳಿದವರ ಪಾಲಿಗೆ ಉಳಿದದ್ದು ನಮ್ಮ ರೇಡಿಯೋ. ಒಂದು ಮಾತು ಹೇಳುತ್ತೇನೆ: ಆ ದೊಡ್ಡವರ ಪೈಕಿ ಒಬ್ಬರು ಚಳಿಗಾಲದಲ್ಲಿ ಮೈದಾನದ ಹುಲ್ಲನ್ನು ಬೆಚ್ಚಗಿಡಲು ಮಾಡುತ್ತಿದ್ದ ಖರ್ಚಿನಲ್ಲಿ ನಮ್ಮ ಎಲ್ಲ ಆಟಗಳೂ ನಡೆಯಬಹುದಿತ್ತು. ಹುಲ್ಲು, ಸಭಿಕರೇ! ಹುಲ್ಲಿಗೆ ಅಲ್ಲಿ ನಮ್ಮ ಮಕ್ಕಳಿಗಿಂತ ಬೆಚ್ಚಗಿತ್ತು.

ಆ ಎರಡು ಕಾಲೇಜುಗಳು ಹೋದ ಮೇಲಿನ ವಸಂತದಲ್ಲಿ, ದುಡ್ಡಿಲ್ಲವೆಂದು ಈಜು ತಂಡವನ್ನು ಮುಚ್ಚುವ ಮಾತು ಬಂತು. ಬ್ರಾಮ್‌ಹಾಲ್ ಅವರು ಆಗ ಕ್ರೀಡಾ ನಿರ್ದೇಶಕರು, ತಲೆ ತುಂಬ ಕೂದಲಿದ್ದ ಯುವಕ. ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ. ಅವರ ಮುಂದಿದ್ದದ್ದು ಒಂದೇ ದಾರಿ. ಸರೋವರದ ದಂಡೆಯ ಒಂದು ವಿಶ್ವವಿದ್ಯಾಲಯ ನಮ್ಮ ಫುಟ್‌ಬಾಲ್ ತಂಡವನ್ನು ತನ್ನ ಮೈದಾನಕ್ಕೆ ಕರೆದಿತ್ತು. ಬನ್ನಿ, ಆಡಿ, ಸೋಲಿ, ಚೆಕ್ ತೆಗೆದುಕೊಂಡು ಹೋಗಿ. ಬಾಯಿಬಿಟ್ಟು ಹೀಗೆ ಹೇಳುವುದಿಲ್ಲ. ಆದರೆ ಅರ್ಥ ಅದೇ. ಋತುವಿನ ಮೊದಲಲ್ಲಿ ಅವರ ಪ್ರೇಕ್ಷಕರಿಗೊಂದು ಸುಲಭದ ಗೆಲುವು ಬೇಕು. ನಮಗೆ ನೀರು ಬಿಸಿಮಾಡಬೇಕು.

ನಮ್ಮ ಆಟ ಎಂಥದೆಂದು ಗೊತ್ತಲ್ಲ, ಶಿರಸ್ತ್ರಾಣ ತೊಟ್ಟು, ಭುಜಕ್ಕೆ ಕವಚ ಕಟ್ಟಿಕೊಂಡು ಮೈಗೆ ಮೈ ಗುದ್ದುವ ಆಟ. ಅವರ ಹುಡುಗರು ನಮ್ಮವರಿಗಿಂತ ಎತ್ತರ, ನಮ್ಮವರಿಗಿಂತ ತೂಕ. ಸುದ್ದಿ ಕೇಳಿದ ದಿನವೇ ಸಿಗ್ನಿ ನೆಟ್ಟಗೆ ಹುಡುಗರ ಬಟ್ಟೆ ಬದಲಿಸುವ ಕೋಣೆಗೆ ಹೋದರು. ನಾನು ಅವರ ಹಿಂದೆ ಹೋದೆ. ವೃತ್ತಿಧರ್ಮ.

"ನೋಡ್ರಪ್ಪ," ಎಂದರು. "ನೀವು ಆಡ್ಬೇಕು ಅಂತಿದ್ರೆ ನಿಮಗೋಸ್ಕರ ಹೋಗಿ. ನಮ್ಮ ಈಜಿಗೋಸ್ಕರ ಮೂಳೆ ಮುರಿಸ್ಕೊಳ್ಳೋಕೆ ಹೋಗ್ಬೇಡಿ. ನನ್ನ ಹುಡುಗೀರು ಆ ಋಣ ಹೊತ್ಕೊಂಡು ಈಜೋದು ನಂಗೆ ಬೇಡ."

ಹಿಂದಿನ ಬೆಂಚಿನಲ್ಲಿ ತಂಡದ ನಾಯಕ ಫೆಟು ಲೆಯಾಟೌವಾ ಕೂತಿದ್ದ. ಸಮೋವಾ ದ್ವೀಪದವರ ಮಗ, ಬಾಗಿಲಿನಷ್ಟು ಅಗಲ. ಮಾತು ಮಾತ್ರ ಮೆಲ್ಲಗೆ.

"ಕೋಚ್, ನಮಗೂ ಏನಾದ್ರೂ ಸಿಗೋ ಹಾಗಿದ್ರೆ ಹೋಗ್ಬಹುದಾ?"

"ಏನು ಬೇಕು?"

"ಈಜು ಕಲಿಸ್ತೀರಾ?"

ಕೋಣೆಯೆಲ್ಲ ನಕ್ಕಿತು. ಒಬ್ಬ ಕೂಗಿದ, "ಲೇ, ನೀನು ದ್ವೀಪದವನಲ್ವೇನೋ! ನಿಮ್ಮಲ್ಲಿ ಕೂಸುಗಳೂ ಈಜ್ತವಂತೆ!"

"ದ್ವೀಪದವರು ನಮ್ಮಜ್ಜಿ ಕಣೋ. ನಾನು ಹುಟ್ಟಿದ್ದು ಸಾಲ್ಟ್ ಲೇಕ್ ಸಿಟಿಲಿ, ಮೂರನೇ ಮಹಡಿಲಿ. ಬಕೆಟ್ ನೀರು ಬಿಟ್ರೆ ಬೇರೆ ನೀರು ನೋಡಿಲ್ಲ."

ಸಿಗ್ನಿ ನಗಲಿಲ್ಲ. ಅವನನ್ನೇ ನೋಡಿ, "ನಾಳೆ ಬೆಳಗ್ಗೆ ಬಾ," ಎಂದರು. "ಯಾರ್ಯಾರಿಗೆ ಬರಲ್ವೋ ಎಲ್ರೂ ಬನ್ನಿ. ಪಂದ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಲಿಸ್ತೀನಿ ಅಷ್ಟೆ."

ಮರುದಿನ ಅರ್ಧ ತಂಡ ಬಂತು.

ಆ ಬೇಸಿಗೆಯನ್ನು ನಾನು ಹೇಗೆ ವರ್ಣಿಸಲಿ? ಬೆಳಗಿನ ಬಿಸಿಲು ಗಾಜಿನ ಗೋಡೆಯಿಂದ ಓರೆಯಾಗಿ ನೀರಿಗಿಳಿಯುತ್ತಿತ್ತು. ನೀರಿನ ನೆರಳು ಚಾವಣಿಯ ಮೇಲೆ ಅಲುಗುತ್ತಿತ್ತು. ಕೆಳಗೆ ಕಾಡೆಮ್ಮೆಗಳಂಥ ಆ ಹುಡುಗರು ಹೆದರಿಕೊಂಡು ಅಂಚು ಹಿಡಿದು ನಿಂತಿರುತ್ತಿದ್ದರು. ಈಜು ತಂಡದ ಹುಡುಗಿಯರು ಅವರ ಬೆನ್ನಿನ ಕೆಳಗೆ ಬರೀ ಎರಡು ಬೆರಳು ಕೊಟ್ಟು ತೇಲಿಸುತ್ತಿದ್ದರು. "ಕತ್ತು ಸಡಿಲ ಬಿಡು. ಇನ್ನೂ ಸಡಿಲ. ನೀರಿನ ಜೊತೆ ಗುದ್ದಾಡ್ಬೇಡ, ಅದು ನಿನ್ನ ಎದುರಾಳಿ ಅಲ್ಲ" ಎಂದು ಸಿಗ್ನಿಯವರ ದನಿ. ಒಬ್ಬೊಬ್ಬರಾಗಿ ಅವರು ತೇಲತೊಡಗಿದರು. ಅಷ್ಟು ಭಾರದ ಮೈಗಳು, ಅಷ್ಟು ಹಗುರವಾಗಿ. ಮಾತಿಲ್ಲ, ಸದ್ದಿಲ್ಲ. ಫೆಟು ಕಣ್ಣು ಮುಚ್ಚಿ ಅಂಗಾತ ಮಲಗಿ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿದುಹೋದದ್ದನ್ನು ನಾನು ನೋಡಿದೆ. ಮೋಡವೊಂದು ಹಾದುಹೋದ ಹಾಗಿತ್ತು. ಆಚೆ ತುದಿ ತಲೆಗೆ ತಾಗಿದಾಗ ಕಣ್ಣು ಬಿಟ್ಟು, "ಇಷ್ಟು ಬೇಗ ಮುಗೀತಾ?" ಎಂದು ಕೇಳಿದ.

ಹುಡುಗರು ಪಂದ್ಯಕ್ಕೆ ಹೋಗುವುದೆಂದು ತಾವೇ ತೀರ್ಮಾನಿಸಿದರು. ಸಿಗ್ನಿ ಮತ್ತೊಮ್ಮೆ ಬೇಡವೆಂದರು. ಹುಡುಗರು ಮತ್ತೊಮ್ಮೆ ನಕ್ಕರು.

ಪಂದ್ಯ ಸೆಪ್ಟೆಂಬರ್ ಕೊನೆಯಲ್ಲಿ. ಆ ಕ್ರೀಡಾಂಗಣಕ್ಕೆ ನಮ್ಮ ಟೊರ್ಡಾಲ್ ಊರನ್ನು, ನಮ್ಮ ಜಿಲ್ಲೆಯನ್ನು, ಜಿಲ್ಲೆಯ ದನಗಳನ್ನೂ ಸೇರಿಸಿ ಕೂರಿಸಿದ್ದರೂ ಮೇಲಿನ ಸಾಲುಗಳು ಖಾಲಿ ಉಳಿಯುತ್ತಿದ್ದವು. ನನಗೆ ಕೊಟ್ಟ ಗೂಡು ಎಷ್ಟು ಎತ್ತರದಲ್ಲಿತ್ತೆಂದರೆ ಹಕ್ಕಿಗಳು ನನ್ನ ಕೆಳಗೆ ಹಾರುತ್ತಿದ್ದವು. ಹೇಗೆ ಸೋತೆವೆಂದು ಹೇಳುವುದು ಬೇಡ. ಸೋಲುತ್ತಲೇ ಇದ್ದೆವು. ಅವರ ಮೊದಲ ದರ್ಜೆಯ ಆಟಗಾರರು ದಣಿವಾಗದೆ ಬೇಸರದಿಂದಲೇ ಹೊರಗೆ ಹೋಗಿ ಕೂತರು, ಎರಡನೆಯ ದರ್ಜೆಯವರು ಬಂದರು, ಅವರಿಗೂ ಸೋತೆವು.

ಕೊನೆಯ ಭಾಗದಲ್ಲಿ ಸರೋವರದಿಂದ ಮಂಜು ಎದ್ದಿತು. ಮೊದಲು ಆಚೆ ಬದಿಯ ಪ್ರೇಕ್ಷಕರು ಮಾಯವಾದರು. ಆಮೇಲೆ ದೀಪದ ಕಂಬಗಳು, ಆಮೇಲೆ ಮೈದಾನ. ಟೆಲಿವಿಷನ್ನಿನವರ ಹೊತ್ತು ಮೀರುವಂತಿಲ್ಲವೆಂದು ಆಟ ನಿಲ್ಲಿಸಲಿಲ್ಲ. ನನಗೆ ಕೆಳಗೆ ಬರೀ ಬಿಳಿ ಕಾಣುತ್ತಿತ್ತು. ಅಲ್ಲಲ್ಲಿ ಒಂದು ಸೀಟಿ, ಒಂದು ಗುದ್ದಿನ ಸದ್ದು, ಅಷ್ಟೆ. ವೀಕ್ಷಕ ವಿವರಣೆ ಕೊಡುವವನು ಏನನ್ನು ವೀಕ್ಷಿಸಬೇಕು? ನೀವೆಲ್ಲ ಇಲ್ಲಿ ರೇಡಿಯೋಗೆ ಕಿವಿಗೊಟ್ಟು ಕೂತಿದ್ದಿರಿ. ಇಲ್ಲದ ಆಟ ಕಟ್ಟಿ ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಆಗ ನಾನು ಹೇಳಿದ್ದನ್ನು ಈ ಸಭಾಂಗಣದಲ್ಲಿ ಅರ್ಧಕ್ಕರ್ಧ ಮಂದಿ ಕೇಳಿದ್ದೀರಿ.

"ಸ್ನೇಹಿತರೇ, ಇಲ್ಲಿ ಏನೂ ಕಾಣುತ್ತಿಲ್ಲ," ಎಂದೆ. "ನಮ್ಮ ಈಜುಕೊಳದ ಬೆಳಗಿನ ಹಾಗಿದೆ. ನಮ್ಮ ಹುಡುಗರು ಇದರೊಳಗೆ ಎಲ್ಲೋ ತೇಲುತ್ತಿದ್ದಾರೆ. ಕತ್ತು ಸಡಿಲ ಬಿಟ್ಟಿದ್ದಾರೆ ಎಂದುಕೊಳ್ಳೋಣ. ಅಂಚಿನಲ್ಲಿ ಸಿಗ್ನಿ ಬರಿಗಾಲಲ್ಲಿ ನಡೆಯುತ್ತಿದ್ದಾಳೆ. ಅವಳು ನಡೆಯುತ್ತಿದ್ದರೆ ಯಾರೂ ಮುಳುಗುವುದಿಲ್ಲ. ಅವಳನ್ನು ನೋಡುತ್ತ ನಿಂತವರೂ ಮುಳುಗುವುದಿಲ್ಲ."

ಕೋಚ್ ಆಮೊಟ್ ಎನ್ನಬೇಕಿತ್ತು. ಅದು ಸಲಿಗೆಯಲ್ಲ, ಮಂಜಿನ ಪ್ರಭಾವ. ನಾನು ಊರಿಗೆ ಮರಳಿದ ಮೇಲೆ ಕಿರಾಣಿ ಅಂಗಡಿಯಲ್ಲಿ ಮುದುಕಿ ಶ್ರೀಮತಿ ಟಫ್ಟೆ ನನ್ನ ಕೈಗೊಂದು ಸೇಬಿನ ಪೈ ಕೊಟ್ಟು, "ನಿನ್ನ ವಿವರಣೆ ತುಂಬ ಚೆನ್ನಾಗಿತ್ತು ವೆಂಡೆಲ್. ಅದ್ರಲ್ಲೂ ಏನೂ ಕಾಣದೇ ಇದ್ದಾಗ," ಎಂದರು. ಅದಿರಲಿ.

ನಾನು ಹಾಗೆ ಹೇಳುತ್ತಿರುವಾಗಲೇ ಒಂದು ಉದ್ದನೆಯ ಸೀಟಿ. ಆಮೇಲೆ ಆ ದೊಡ್ಡ ಜನಸಾಗರ ಒಮ್ಮೆಲೇ ಮೌನವಾಯಿತು. ಮಂಜಿನಲ್ಲಿ ಆ ಮೌನಕ್ಕೆ ಅಂಚೇ ಇರಲಿಲ್ಲ. ಯಾರೋ ಬಿದ್ದಿದ್ದಾರೆ, ಯಾರೆಂದು ತಿಳಿಯುತ್ತಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಬಿಳುಪಿನಿಂದ ಸ್ಟ್ರೆಚರ್ ಹೊರಬಂತು. ಅದರ ಎರಡೂ ಬದಿಗೆ ಮೀರಿ ಚಾಚಿದ್ದ ಆ ಭುಜಗಳನ್ನು ನೋಡಿ ಗುರುತು ಹಿಡಿದೆ. ಫೆಟು. ಮೊಣಕಾಲು.

ಸಿಗ್ನಿ ಕೊಳದ ಬದಿಯಲ್ಲಿ ಹುಡುಗಿಯರ ಜೊತೆ ರೇಡಿಯೋ ಕೇಳುತ್ತಿದ್ದರಂತೆ. ಕಾರು ಹತ್ತಿ, ಎರಡು ರಾಜ್ಯ ದಾಟಿ, ಮರುದಿನ ಆಸ್ಪತ್ರೆಗೆ ಬಂದರು. ನಾನು ಬಸ್ಸಿನಲ್ಲಿ ವಾಪಸಾಗದೆ ಅಲ್ಲೇ ಉಳಿದಿದ್ದೆ. ಫೆಟುವಿನ ಕಾಲನ್ನು ಮೇಲಕ್ಕೆ ಕಟ್ಟಿದ್ದರು. ಇನ್ನು ಆಡುವಂತಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಅವನಿಗದು ಕಾಲೇಜಿನ ಕೊನೆಯ ವರ್ಷ.

"ಹೋಗ್ಬೇಡ ಅಂದಿದ್ದೆನಲ್ಲೋ," ಎಂದರು ಸಿಗ್ನಿ. ಕೋಟನ್ನೂ ಬಿಚ್ಚಿರಲಿಲ್ಲ.

"ನೀವು ಹೋಗು ಅಂದಿದ್ರೆ ಹೋಗ್ತಿರ್ಲಿಲ್ಲ ಕೋಚ್. ಬೇಡ ಅಂದ್ರಲ್ಲ, ಅದಕ್ಕೇ ಹೋದ್ವಿ."

"ಇದೆಂಥ ಮಾತು?"

"ಗೊತ್ತಿಲ್ಲ. ಔಷಧಿ ಕೊಟ್ಟಿದಾರೆ, ತಲೆ ತೇಲ್ತಾ ಇದೆ." ಕಣ್ಣು ಮುಚ್ಚಿದ. "ಕತ್ತು ಸಡಿಲ ಬಿಟ್ಟಿದೀನಿ, ನೋಡಿ."

ಸಿಗ್ನಿ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ನಾನು ಏನು ಮಾಡಬೇಕಿತ್ತು? ನೀರು ತರುತ್ತೇನೆಂದು ಹೇಳಿ ಹೊರಗೆ ಹೋದೆ; ತಂದದ್ದು ಕಾಫಿ.

ಆ ಚಳಿಗಾಲವಿಡೀ ಫೆಟುವಿನ ಕಾಲು ನಡೆಯುವಷ್ಟು ಸರಿಯಾದದ್ದು ಕೊಳದಲ್ಲಿ. ಸಾಲ್ಟ್ ಲೇಕಿನಿಂದ ಅವನ ಅಜ್ಜಿ ಬಂದರು. ದಪ್ಪ ಕೋಟು ತೊಟ್ಟು, ತಮ್ಮ ದ್ವೀಪದವರ ಹಾಗೆ ಕಿವಿಗೆ ಹೂವಿಟ್ಟುಕೊಂಡು ಕೊಳದ ಬದಿಯ ಕುರ್ಚಿಯಲ್ಲಿ ಕೂತು ಮೊಮ್ಮಗ ನೀರಿನಲ್ಲಿ ನಡೆಯುವುದನ್ನು ನೋಡುತ್ತಿದ್ದರು. ಹೊರಗೆ ಹಿಮದಲ್ಲಿ ಬೇಲಿಗಳೆಲ್ಲ ಹೂತುಹೋಗಿದ್ದವು. ಒಳಗೆ ಆ ಅಜ್ಜಿ ತಮ್ಮ ಭಾಷೆಯಲ್ಲಿ ಏನನ್ನೋ ಗುನುಗುತ್ತಿದ್ದರು. ಅರ್ಥವಾಗದಿದ್ದರೂ ನಮ್ಮ ಹುಡುಗಿಯರು ಅದೇ ಲಯಕ್ಕೆ ಕೈ ಬೀಸುತ್ತಿದ್ದರು. ಅದು ಯಾವ ಊರು, ಯಾವ ಕಾಲ ಎಂದು ಒಮ್ಮೊಮ್ಮೆ ನನಗೇ ಮರೆತುಹೋಗುತ್ತಿತ್ತು.

ಮುಂದಿನ ವಸಂತದಲ್ಲಿ ಅದೇ ವಿಶ್ವವಿದ್ಯಾಲಯ ಮತ್ತೆ ಕರೆಯಿತು. ಚೆಕ್ ಇನ್ನೂ ದೊಡ್ಡದು. ಆಡಳಿತ ಮಂಡಳಿಯ ಸಭೆಯಲ್ಲಿ ಸಿಗ್ನಿ ಎದ್ದು ನಿಂತರು. "ಒಬ್ಬನ ಮೊಣಕಾಲಿಂದ ಒಂದು ವರ್ಷ ಈಜಿದ್ವಿ. ಇನ್ನೊಂದು ಮೊಣಕಾಲು ನಂಗೆ ಬೇಡ. ತಂಡ ಮುಚ್ಚಿ," ಎಂದರು.

"ಸಿಗ್ನಿ, ಸ್ವಲ್ಪ ಯೋಚ್ನೆ ಮಾಡಿ," ಎಂದರು ಬ್ರಾಮ್‌ಹಾಲ್.

"ಮಾಡಿದೀನಿ ಕಾರ್ಡೆಲ್. ತಂಡ ಮುಚ್ಚಿ. ಕೊಳ ಮುಚ್ಬೇಡಿ. ಅದನ್ನ ಊರಿಗೆ ಕೊಡಿ. ಸಂಬಳ ಎಷ್ಟಾಗುತ್ತೋ ಅಷ್ಟು ಕೊಡಿ, ನಾನಿರ್ತೀನಿ."

ಅಧ್ಯಕ್ಷರು ತಲೆ ತಗ್ಗಿಸಬೇಕಾಗಿಲ್ಲ. ಅವತ್ತು ಆ ಮೇಜಿನ ಸುತ್ತ ಕೂತಿದ್ದವರಲ್ಲಿ ಬೇರೆ ದಾರಿ ಯಾರ ಬಳಿಯೂ ಇರಲಿಲ್ಲ. ಕೊಳ ಉಳಿಯುವಂತೆ ಹೋರಾಡಿದವರೂ ಅವರೇ. ನಮ್ಮ ತಂಡ ಹೋಯಿತು. ನೀರು ಬಿಸಿಮಾಡುವ ಖರ್ಚನ್ನು ಊರು ಹೊತ್ತಿತು, ಸಿಗ್ನಿ ಉಳಿದರು. ಈ ಜಿಲ್ಲೆಯ ಮಕ್ಕಳು, ಅವರ ಅಮ್ಮಂದಿರು, ಸೊಂಟ ನೋವಿನ ರೈತರು ಎಲ್ಲರೂ ಆ ನೀರಿಗಿಳಿದರು. ಐವತ್ತು ದಾಟಿದ ಒಬ್ಬ ರೇಡಿಯೋದವನೂ ಇಳಿದ. ಅವನು ಕಲಿಯಲು ಬೇರೆಲ್ಲರಿಗಿಂತ ಹೆಚ್ಚು ಕಾಲ ತೆಗೆದುಕೊಂಡನೆಂದು ಹೇಳುತ್ತಾರೆ. ಬೇಗ ಕಲಿತುಬಿಟ್ಟರೆ ಪಾಠ ನಿಲ್ಲುತ್ತದಲ್ಲ? ಫೆಟು ಇಲ್ಲೇ ಶಾಲೆಯಲ್ಲಿ ಮೇಷ್ಟರಾದ, ಇಲ್ಲೇ ಮದುವೆಯಾದ, ಸಂಜೆಗಳಲ್ಲಿ ಸಿಗ್ನಿಯವರ ಜೊತೆ ಈಜು ಕಲಿಸಿದ. ನಾಳೆಯಿಂದ ಕೊಳ ಅವನದು. ಹೋದ ವರ್ಷ ಉಳಿದ ಕಾಲೇಜುಗಳೂ ಕೈಬಿಟ್ಟು ಪ್ರೇರಿ ಲೀಗ್ ಎನ್ನುವುದೇ ಇಲ್ಲವಾಯಿತು. ಕೊನೆಯ ವಾರ್ತೆ ಓದಿದವನು ನಾನು. ಓದಿ, ಮೈಕ್ ಮುಚ್ಚಿ, ನಿವೃತ್ತನಾದೆ.

ಈಗ ಈ ಚಳಿಗಾಲದ ಮಾತು. ಜನವರಿಯಲ್ಲಿ ಒಂದು ಕಾರು ಕೊಳದ ಮುಂದೆ ಬಂದು ನಿಂತಿತು. ಎತ್ತರದ ಹುಡುಗಿಯೊಬ್ಬಳು ಇಳಿದು ಒಳಗೆ ಬಂದಳು. ಹೆಸರು ಕೆಸಾಯಾ ಬ್ರಾಂಟ್ಲಿ. ನಾನು ಅಲ್ಲೇ ಟವೆಲ್ ಹೊದ್ದು ಕೂತಿದ್ದೆ.

"ನಿಮ್ಮಲ್ಲಿ ಪ್ರಾಕ್ಟೀಸ್ ಮಾಡೋಕೆ ಒಂದು ಲೇನ್ ಸಿಗುತ್ತಾ ಮೇಡಂ?"

"ಆರಿವೆ. ಯಾವ್ದು ಬೇಕು?" ಎಂದರು ಸಿಗ್ನಿ.

ಹುಡುಗಿ ಅಲ್ಲೇ ಅಳತೊಡಗಿದಳು. ವಿಷಯ ಇಷ್ಟು. ಅವಳ ವಿಶ್ವವಿದ್ಯಾಲಯ ಈಜು ತಂಡವನ್ನು ಮುಚ್ಚಿತ್ತು. ದೊಡ್ಡ ಲೀಗಿನಲ್ಲಿ ಈಗ ಒಬ್ಬರನ್ನೊಬ್ಬರು ಮೀರಿಸಬೇಕಲ್ಲ; ಎಲ್ಲ ಹಣವೂ ಫುಟ್‌ಬಾಲಿಗೇ ಬೇಕಂತೆ. ವಸಂತದ ದೊಡ್ಡ ಸ್ಪರ್ಧೆಗೆ ಅವಳು ಆಯ್ಕೆಯಾಗಿದ್ದಳು. ಆದರೆ ಈಜಲು ನೀರಿರಲಿಲ್ಲ. ಅಜ್ಜನ ತೋಟದ ಮನೆ ಪಕ್ಕದ ಜಿಲ್ಲೆಯಲ್ಲಿತ್ತು. ಅಜ್ಜನೇ ನಮ್ಮ ಕೊಳದ ದಾರಿ ಹೇಳಿದ್ದ.

"ಯಾವ ವಿಶ್ವವಿದ್ಯಾಲಯ?" ಎಂದು ಅಲ್ಲೇ ನಿಂತಿದ್ದ ಫೆಟು ಕೇಳಿದ.

ಅವಳು ಹೆಸರು ಹೇಳಿದಳು. ಅದೇ. ಸರೋವರದ ದಂಡೆಯದು. ಸಿಗ್ನಿ ಫೆಟುವನ್ನು ನೋಡಿದರು. ನಾನೂ ನೋಡಿದೆ.

"ನಿಮ್ಮ ಮೈದಾನ ನಂಗೆ ಗೊತ್ತಮ್ಮ," ಎಂದ ಫೆಟು. "ಹುಲ್ಲು ತುಂಬ ಚೆನ್ನಾಗಿತ್ತು." ಎಂದವನೇ ಕುಂಟುತ್ತ ಹೋಗಿ ಮಧ್ಯದ ಲೇನಿನ ಹಗ್ಗ ಬಿಗಿದುಕೊಟ್ಟ.

ಹೋದ ಭಾನುವಾರ ನಾವು ನಾಲ್ವರೂ ಮಿನಿಯಾಪೊಲಿಸ್‌ಗೆ ಹೋಗಿದ್ದೆವು. ಕೆಸಾಯಾಳ ಸ್ಪರ್ಧೆ ಅಲ್ಲಿತ್ತು. ಯಾವ ತಂಡದ ಹೆಸರಿನಲ್ಲಿ ಈಜುತ್ತೀಯೆಂದು ಅವಳನ್ನು ಕೇಳಿದ್ದರಂತೆ. ಅವಳು ನಮಗೆ ಹೇಳಿರಲಿಲ್ಲ. ಹೊಳೆಯುವ ದೊಡ್ಡ ಕೊಳ, ಸುತ್ತ ದೊಡ್ಡ ಲೀಗುಗಳ ಬಾವುಟಗಳು, ಒಂದೇ ಬಣ್ಣದ ಕೋಟು ತೊಟ್ಟ ತಂಡಗಳು. ಧ್ವನಿವರ್ಧಕದಲ್ಲಿ ಯಾರೋ ಯುವಕ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ನಾನು ಮೈಕ್ ಇಲ್ಲದೆ, ಕೆಲಸವಿಲ್ಲದೆ, ಮೇಲಿನ ಸಾಲಿನಲ್ಲಿ ಕೂತಿದ್ದೆ. ಜೀವನವಿಡೀ ಬೇರೆಯವರ ಹೆಸರುಗಳನ್ನು ಕೂಗಿದವನು ನಾನು. ನನ್ನ ಊರಿನ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿದವನಲ್ಲ.

"ಐದನೇ ಲೇನ್," ಎಂದ ಆ ಹುಡುಗ. "ಕೆಸಾಯಾ ಬ್ರಾಂಟ್ಲಿ. ಟೊರ್ಡಾಲ್."

ಆ ಹೆಸರು ನೀರಿನ ಮೇಲೆ ಹೋಗಿ, ಆಚೆ ಗೋಡೆಗೆ ತಾಗಿ, ನಮ್ಮ ಕಡೆ ತಿರುಗಿ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಲ್ಲಿ ಯಾರಿಗೆ ಗೊತ್ತು? ಫೆಟು ಮಾತ್ರ ಎದ್ದು ನಿಂತ. ಸಿಗ್ನಿ ನನ್ನ ಕೈ ಹಿಡಿದುಕೊಂಡಳು. ಕೆಸಾಯಾ ನಾಲ್ಕನೆಯವಳಾಗಿ ಬಂದಳು, ಸಭಿಕರೇ. ಅದೋ ಆ ಮೇಜಿನಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾಳೆ, ನೋಡಿ. ಸ್ಪರ್ಧೆ ಮುಗಿಯಿತು, ಜನ ಎದ್ದರು, ದೀಪ ಆರಿಸಿದರು, ನಾವು ಹೊರಗೆ ಬಂದು ಕಾರು ಎಲ್ಲಿ ನಿಲ್ಲಿಸಿದ್ದೇವೆಂದು ಹುಡುಕಿದೆವು. ಅಷ್ಟು ಹೊತ್ತಾದರೂ ಅವಳು ಕೈ ಬಿಟ್ಟಿರಲಿಲ್ಲ.

ನಾಲ್ಕು ಮಾತಿಗಿಂತ ಹೆಚ್ಚಾಯಿತು, ಅಧ್ಯಕ್ಷರು ಮನ್ನಿಸಬೇಕು. ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಅಡುಗೆ ಮಾಡಿದ ತಾಯಂದಿರಿಗೆ, ಇಷ್ಟು ವರ್ಷ ನಮ್ಮ ಊರಿನ ನೀರನ್ನು ಬೆಚ್ಚಗಿಟ್ಟ ಸಿಗ್ನಿಗೆ ನನ್ನ ಕೃತಜ್ಞತೆ. ನಮಸ್ಕಾರ.